ಗ್ಯಾನೆಟ್ ಏರ್‌ನ ನಲವತ್ತೊಂದು ಸಹಿಗಳು

ಲಗೇಜ್ ಟ್ರ್ಯಾಕ್ಟರ್ ನೇರವಾಗಿ ನನ್ನ ಮೇಲೇ ಬಂತು!

ಪಕ್ಕಕ್ಕೆ ಹಾರಿಬಿದ್ದೆ. ಮೊಣಕೈ ತರಚಿ ರಕ್ತ ಬಂತು. ಟ್ರ್ಯಾಕ್ಟರ್ ವಿಮಾನದ ಚಕ್ರದ ಬಳಿ ಗಕ್ಕನೆ ನಿಂತಿತು. ಓಡಿಸುತ್ತಿದ್ದವನು ಲೋಡರ್ ನೂನನ್.

"ಬ್ರೇಕ್ ಹಿಡೀಲಿಲ್ಲ, ಡೆಕ್ಲನ್ ಸಾಹೇಬ್ರೇ!"

"ಇನ್ನೊಂದ್ಸಲ ಹಿಡೀದಿದ್ರೆ ನಿನ್ನ ಹಲ್ಲು ಉದುರುತ್ತೆ."

"ಧಣಿಯ ನಾಯಿ ಬೊಗಳ್ತು ನೋಡ್ರಪ್ಪೋ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಹೆಸರಿಗೆ ನಾನು ಗ್ಯಾನೆಟ್ ಏರ್‌ನ ಸೆಕ್ಯುರಿಟಿ ಮ್ಯಾನೇಜರ್. ಕೆಲಸ ಮಾತ್ರ ಮಾಲೀಕ ಫಿಂಟನ್ ರೋಷ್ ಬೆರಳು ತೋರಿಸಿದವರನ್ನು ಹೆದರಿಸುವುದು.

ಆ ಬೆಳಿಗ್ಗೆ ರೋಷ್ ಕೆಂಡವಾಗಿದ್ದ.

"ಯಾರೋ ಯೂನಿಯನ್ ಕಟ್ತಿದಾರೆ ಕಣೋ! ಸಹಿ ಹಾಕಿಸ್ತಿದಾರೆ. ನಾಳೆ ಪಟ್ಟಿ ಕೋರ್ಟಿಗೆ ಹೋಗುತ್ತೆ. ಆಮೇಲೆ ಒಬ್ಬರನ್ನೂ ಮುಟ್ಟೋ ಹಾಗಿಲ್ಲ. ಇವತ್ತೇ ಅದು ನನ್ನ ಕೈಲಿರಬೇಕು."

"ಸಿಕ್ಕಿದ್ರೆ?"

"ಅಷ್ಟೂ ಜನ ಮನೆಗೆ!"

ಇದೇ ರೋಷ್... ಹನ್ನೆರಡು ವರ್ಷದ ಹಿಂದೆ ಒಂದೇ ವಿಮಾನ, ಹದಿನೈದು ಸೀಟು. ಅವನು ಟಿಕೆಟ್ ಹರಿಯುತ್ತಿದ್ದ. ನಾನು ಪೆಟ್ಟಿಗೆ ಹೊರುತ್ತಿದ್ದೆ. ಒಳಗೆ ಊನಾ ಟ್ರೇಸಿ ಒಬ್ಬಳೇ ಗಗನಸಖಿ. ದೊಡ್ಡ ಕಂಪನಿಗಳ ಅರ್ಧ ದರ! ಹಡಗಿನಲ್ಲಿ ವಾಂತಿ ಮಾಡಿಕೊಂಡು ಇಂಗ್ಲೆಂಡಿಗೆ ಹೋಗುತ್ತಿದ್ದವರೆಲ್ಲ ನಮ್ಮ ಕಡೆ ನುಗ್ಗಿದರು. ಈಗ ಅರವತ್ತು ವಿಮಾನ. ರೋಷ್ ನಮ್ಮ ಜೊತೆ ಲಿಫ್ಟ್ ಕೂಡ ಹತ್ತುವುದಿಲ್ಲ.

ನಮ್ಮ ಸಿಬ್ಬಂದಿ ಸೇರುವ ಎರಡು ಪಬ್ ಜಾಲಾಡಿದೆ. ಏನೂ ಸಿಗಲಿಲ್ಲ. ಮೂರನೆಯದು ನಿಲ್ದಾಣದ ಪಕ್ಕದ ಸ್ವೋರ್ಡ್ಸ್ ಊರಿನಲ್ಲಿ, ಹ್ಯಾರಿಗನ್‌ನದು.

"ಯೂನಿಯನ್ನಾ? ಇಲ್ಲಪ್ಪ! ಭಾನುವಾರ ಮಹಡಿ ಮೇಲೊಂದು ನಾಮಕರಣ ಇತ್ತು, ಅಷ್ಟೇ. ನಲವತ್ತು ಜನ. ಮಗು ಮಾತ್ರ ಕಾಣ್ಲಿಲ್ಲ!"

"ಗಲಾಟೆ ಏನಾದ್ರೂ?"

"ಎಲ್ಲಿಯ ಗಲಾಟೆ ಮಾರಾಯ! ಹೋಗೋವಾಗ ಇಬ್ರು ಮುಂದಿಂದ, ಇಬ್ರು ಹಿಂದಿಂದ ಕಸ ಎತ್ಕೊಂಡು ಬಂದು ಮಧ್ಯದಲ್ಲಿ ಸೇರಿದ್ರು. ನನ್ನ ಹೆಂಡ್ತಿ ಬಾಯಿ ಬಿಟ್ಕೊಂಡು ನೋಡಿದ್ಲು!"

ನಾನು ಎದ್ದು ನಿಂತೆ.

ನಮ್ಮ ವಿಮಾನಗಳಲ್ಲಿ ಕಸ ಗುಡಿಸುವವರೇ ಇಲ್ಲ. ವಿಮಾನ ಇಳಿದು ಮತ್ತೆ ಏರುವುದಕ್ಕೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಸಿಬ್ಬಂದಿಯೇ ಹೀಗೆ ಎರಡೂ ಕಡೆಯಿಂದ ಕಸ ಎತ್ತುತ್ತಾರೆ. ಅದನ್ನು ಎಲ್ಲರಿಗೂ ಕಲಿಸಿದವಳು ಊನಾ.

ಅವಳ ಮನೆ ಎರಡು ಬೀದಿ ಆಚೆ. ಬಾಗಿಲು ತೆರೆದವಳು ಗಾಬರಿಯಾಗಲಿಲ್ಲ. ಟೀ ತಂದಿಟ್ಟಳು.

"ಪಟ್ಟಿ ಕೊಡು, ಊನಾ."

"ಕೊಡ್ತೀನಿ. ಮೊದ್ಲು ಓದು."

ಓದಿದೆ. ಪೈಲಟ್‌ಗಳು, ಗಗನಸಖಿಯರು, ನೂನನ್... ನಲವತ್ತೊಂದು ಸಹಿ. ಮೊದಲ ಸಾಲು ಮಾತ್ರ ಖಾಲಿ.

"ಇದ್ಯಾಕೆ?"

"ನಿನಗೇ ಬಿಟ್ಟಿದ್ದು ಕಣೋ. ಮೊದಲ್ನೇ ದಿನದಿಂದ ಇದೀಯ. ಬಂದೇ ಬರ್ತೀಯ ಅಂತ ಕಾಯ್ತಿದ್ದೆ."

"ನನ್ನ ನಂಬ್ತೀಯಾ? ತಲೆ ಕೆಟ್ಟಿದೆಯಾ ನಿನಗೆ!"

"ಎಲ್ರೂ ಹಾಗೇ ಅಂದ್ರು" ಎಂದು ಪೆನ್ನು ಮುಂದೆ ಚಾಚಿದಳು.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಹಿ ಹಾಕಿ ಹಾಳೆಯನ್ನು ಅವಳ ಕೈಗಿಟ್ಟೆ.

"ಈಗ್ಲೇ ಹೊರಡು! ಹಿಂದಿನ ಬಾಗಿಲಿಂದ... ವಕೀಲರ ಹತ್ರ..."

ಧಡಾರ್! ಮುಂಬಾಗಿಲು ಮುರಿದುಬಿತ್ತು. ಇಬ್ಬರು ನುಗ್ಗಿದರು. ರೋಷ್‌ನ ಡ್ರೈವರ್‌ಗಳು! ಒಬ್ಬ ನನ್ನ ಹೊಟ್ಟೆಗೆ ಒದ್ದ. ಇನ್ನೊಬ್ಬ ಊನಾಳ ಕೈಯಿಂದ ಹಾಳೆ ಕಿತ್ತುಕೊಂಡ.

"ಥ್ಯಾಂಕ್ಸ್, ಡೆಕ್ಲಣ್ಣ! ಬೆಳಗಿಂದ ನಿನ್ನ ಬೆನ್ನ ಹಿಂದೇನೇ ಇದ್ವಿ."

ಅಟ್ಟಿಸಿಕೊಂಡು ಓಡಿದೆ. ಹೊರಟ ವ್ಯಾನಿನ ಕನ್ನಡಿ ಹಿಡಿದು ಜೋತುಬಿದ್ದೆ. ತಿರುವಿನಲ್ಲಿ ಕನ್ನಡಿ ಕಿತ್ತು ಕೈಗೆ ಬಂತು... ನಾನು ರಸ್ತೆಯಲ್ಲಿ ಉರುಳಿದೆ.

ಊನಾ ಬಂದು ಪಕ್ಕದಲ್ಲಿ ಕುಳಿತಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆಯೊಳಗೆ ನಲವತ್ತೆರಡು ಜನರ ಕೆಲಸ ಹೋಯಿತು.

ನಲವತ್ತೊಂದು ಜನರನ್ನು ಹಿಡಿದುಕೊಟ್ಟವನು ನಾನು... ನಲವತ್ತೆರಡನೆಯವನು ತಾನಾಗಿಯೇ ಬಂದು ಸಿಕ್ಕಿಬಿದ್ದ!