ತೊಂಬತ್ತು ದಾಟಿದ ಮೇಲೆ

ಆಸ್ಪತ್ರೆಯ ರಕ್ತಪರೀಕ್ಷೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಬುಡದಿಂದ ಕಟ್ಟಿದವಳು ಅವಳು. ಹೆಸರು ಬಂದದ್ದು ಭಾವನಿಗೆ. ಅಕ್ಕನ ಗಂಡ, ಲ್ಯಾಬಿನ ಮುಖ್ಯಸ್ಥ. ಬಂದವರೆದುರು ಅವನು ಹೇಳುತ್ತಿದ್ದುದು ಒಂದೇ ಮಾತು: "ನಮ್ಮ ನಾದಿನಿ. ವೈರು ಗೀರು ನೋಡ್ಕೋತಾಳೆ."

ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡಿದ್ದವಳು ಕೊನೆಗೆ ವರದಿ ತಯಾರಿಸುವ ವರ್ಚುವಲ್ ಮೆಷೀನಿನಲ್ಲಿ, ಅಂದರೆ ಸರ್ವರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ, ಒಂದೇ ಒಂದು ಅಂಕಿ ತಿದ್ದಿದಳು. ಭಾವ ಸಹಿ ಹಾಕಿದ ವರದಿಗಳು ತಪ್ಪಾಗಲಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸಲಿ ಎಂದಷ್ಟೇ ಆಸೆ. ಆದರೆ ಅಂಥ ಒಂದು ವರದಿ ನಂಬಿ ಕೊಟ್ಟ ಔಷಧಿಗೆ ಒಬ್ಬ ಡ್ರೈವರ್ ಸತ್ತ. ಶುಕ್ರವಾರ ವಿಚಾರಣೆ.

ತಿದ್ದಿದ್ದು ಅವಳೇ ಎಂಬುದಕ್ಕೆ ಉಳಿದಿದ್ದ ಸಾಕ್ಷಿ ಆ ಮೆಷೀನಿನ ಇಮೇಜ್: ಇಡೀ ಕಂಪ್ಯೂಟರನ್ನೇ ಮಡಚಿಟ್ಟಂಥ ಒಂದು ಫೈಲು. ಸರ್ವರಿನ ಕ್ಯಾಶೆಯಲ್ಲಿ, ತಾತ್ಕಾಲಿಕವಾಗಿ ಫೈಲು ಇಡುವ ಫೋಲ್ಡರಿನಲ್ಲಿ, ಅಂಥವು ಹನ್ನೆರಡಿದ್ದವು. ಕೈಯಾರೆ ಅಳಿಸಿದರೆ ಅವಳ ಹೆಸರು ದಾಖಲಾಗುತ್ತದೆ. ಡಿಸ್ಕ್ ಶೇಕಡ ತೊಂಬತ್ತು ತುಂಬಿದರೆ ಮಾತ್ರ ಹಳೆಯ ಇಮೇಜುಗಳು ತಾವಾಗಿಯೇ ಅಳಿಯುತ್ತವೆ, ಯಾರ ಹೆಸರೂ ಬರುವುದಿಲ್ಲ. ಅವಳದು ಎಲ್ಲಕ್ಕಿಂತ ಹಳೆಯದು.

ಸೋಮವಾರದಿಂದ ಹಳೆಯ ಎಕ್ಸ್-ರೇಗಳನ್ನೆಲ್ಲ ಸರ್ವರಿಗೆ ತುಂಬತೊಡಗಿದಳು. ಎಂಬತ್ತೆರಡು, ಎಂಬತ್ತೈದು, ಎಂಬತ್ತೆಂಟು. ಇಮೇಜು ಫೈಲುಗಳ ಹೆಸರೆಲ್ಲ ಬರೀ ಉದ್ದುದ್ದ ಸಂಖ್ಯೆ. ಹಾಗಾಗಿ ದಿನಾ ಬೆಳಿಗ್ಗೆ ತನ್ನ ಇಮೇಜನ್ನು ಎರಡು ನಿಮಿಷ ಓಡಿಸಿ, ಅದೇ ಹೌದೆಂದು ನೋಡಿ ಮುಚ್ಚುವಳು.

ಬುಧವಾರ ಅಕ್ಕ ಫೋನು ಮಾಡಿದಳು. "ಅವರು ಊಟಾನೇ ಬಿಟ್ಟಿದಾರೆ ಕಣೆ. ಜೈಲಿಗೆ ಹಾಕಲ್ಲ ತಾನೆ?"

"ಏನೂ ಆಗಲ್ಲ ಅಕ್ಕ. ನೀನು ಮೊದ್ಲು ಉಣ್ಣು."

ಫೋನು ಇಟ್ಟಳು. ಎಕ್ಸ್-ರೇ ತುಂಬುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗುರುವಾರ ಮಧ್ಯಾಹ್ನ ತೊಂಬತ್ತು ದಾಟಿತು. ಪರದೆಯ ಮೇಲೆ ಒಂದೇ ಸಾಲು: ಹನ್ನೊಂದು ಇಮೇಜುಗಳನ್ನು ಅಳಿಸಲಾಗಿದೆ. ಅತ್ಯಂತ ಹಳೆಯದು ಹೋಗದೆ ಇನ್ನೇನು ಹೋದೀತು? ಎಷ್ಟೋ ದಿನಗಳ ಮೇಲೆ ಅವಳು ನೆಮ್ಮದಿಯಾಗಿ ಕಾಫಿ ಕುಡಿದಳು.

ಶುಕ್ರವಾರ ವಿಚಾರಣಾಧಿಕಾರಿ ಆ ಫೋಲ್ಡರ್ ತೆರೆದರು. ಅಲ್ಲಿ ಒಂದೇ ಫೈಲಿತ್ತು, ಅವಳದೇ; ಹುಡುಕುವ ಕಷ್ಟವೂ ಇರಲಿಲ್ಲ. "ಈ ಅಳಿಸೋ ನಿಯಮ ಬರೆದವರು ಯಾರು?" ಎಂದರು. "ನಾನೇ," ಎಂದ ಭಾವ, ಸಣ್ಣ ದನಿಯಲ್ಲಿ. ಇಡೀ ವ್ಯವಸ್ಥೆಯಲ್ಲಿ ಅವನು ಸ್ವಂತವಾಗಿ ಬರೆದದ್ದು ಆ ಮೂರು ಸಾಲು ಮಾತ್ರ. ಇವನೇನು ಬರೆದಾನು ಎಂದು ಅವಳು ಅದನ್ನು ಓದಿಯೇ ಇರಲಿಲ್ಲ. ಈಗ ಓದಿದಳು. ಇಮೇಜು ಹಳತೋ ಹೊಸತೋ ಎಂದು ಅದು ಲೆಕ್ಕ ಹಾಕುತ್ತಿದ್ದುದು ತಯಾರಾದ ದಿನದಿಂದಲ್ಲ, ಕೊನೆಯ ಸಲ ಓಡಿಸಿದ ದಿನದಿಂದ.