ಮಾರುವವರಿಲ್ಲದ ದಿನ

ಇನ್‌ಸ್ಪೆಕ್ಟರಿಗೆ ಷೇರು ಮಾರುಕಟ್ಟೆಯ ಗಂಧಗಾಳಿ ಇರಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅಂಥದೇ ದೂರು ಬಂತು, ಅದೂ ಬೇಕರಿಯಾಕೆಯಿಂದ.

ಓವನ್ ಕೊಳ್ಳಲು ಕೂಡಿಟ್ಟಿದ್ದ ಎರಡು ಲಕ್ಷವನ್ನು ಆಕೆ ಅಕ್ಕನ ಗಂಡನಿಗೆ ಕೊಟ್ಟಿದ್ದಳು. ಆತ ಸೈಕಲ್ ಅಂಗಡಿಯ ಮಹಡಿಯಲ್ಲಿ ಷೇರು ವ್ಯವಹಾರದ ಪಾಠ ಹೇಳುತ್ತಿದ್ದ. ಎಲ್ಲರ ಬಾಯಲ್ಲೂ ಷೇರು ಮೇಷ್ಟ್ರು. ಪಂಪ್ ಕಂಪನಿಯೊಂದರ ಷೇರನ್ನು ನಲವತ್ತರಂತೆ ಕೊಂಡೆ ಎಂದು ಅವತ್ತೇ ಹೇಳಿ, ದಲ್ಲಾಳಿಗೆಂದು ಎರಡು ಸಾವಿರ ಬೇರೆ ಪಡೆದಿದ್ದ. ಈಗ ಬೆಲೆ ನೂರಕ್ಕೇರಿತ್ತು. ಓವನ್ನಿಗೆ ಬೇಕಾದದ್ದೂ ಸರಿಯಾಗಿ ಐದು ಲಕ್ಷ. ಮಾರಿಕೊಡಿ ಎಂದರೆ ಮಾತ್ರ ಇವತ್ತು ನಾಳೆ ಎನ್ನುತ್ತಿದ್ದ. ಓವನ್ ಕಂಪನಿಯವರು ಶುಕ್ರವಾರದ ಗಡುವು ಕೊಟ್ಟಿದ್ದರು.

"ಅಕ್ಕನ ಹತ್ರ ಹೇಳಬಾರದಿತ್ತಾ?"

"ಅಕ್ಕನೇ ಕಳಿಸಿದ್ದು ಸಾರ್. ಭಾವ ಅವಳ ಮುಂದೆಯೂ ಬಾಯಿ ಬಿಡ್ತಿಲ್ಲ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರು ಹೆಡ್ ಕಾನ್‌ಸ್ಟೇಬಲ್ ಜೊತೆ ಮಹಡಿ ಹತ್ತಿದರು.

"ಷೇರು ಅಂದ್ರೆ ಏನ್ರೀ?"

ಬೆವರುತ್ತಿದ್ದ ಮೇಷ್ಟ್ರ ಮುಖ ಅರಳಿತು. "ಕಂಪನೀಲಿ ಒಂದು ಪಾಲು ಸಾರ್. ಕೊಳ್ಳೋನು ಒಂದು ಬೆಲೆ ಹೇಳ್ತಾನೆ, ಮಾರೋನು ಒಂದು ಹೇಳ್ತಾನೆ. ಎರಡೂ ಕೂಡಿದ್ರೆ ವ್ಯವಹಾರ."

"ಮಾರೋರೇ ಇಲ್ದಿದ್ರೆ?"

"ಒಂದು ಷೇರೂ ಸಿಗಲ್ಲ. ದಿನಕ್ಕೆ ಬೆಲೆ ಇಷ್ಟೇ ಏರಬಹುದು ಅಂತ ಮಿತಿ ಇರುತ್ತೆ, ಅಪ್ಪರ್ ಸರ್ಕ್ಯೂಟ್. ಅದು ಮುಟ್ಟಿದ್ರೆ, ನಾಳೆ ಇನ್ನೂ ಏರುತ್ತೆ ಅಂತ ಇದ್ದೋರು ಮಾರೋದೇ ಇಲ್ಲ."

ಹೆಡ್ ಕಾನ್‌ಸ್ಟೇಬಲ್ ಬೆಂಚಿನಲ್ಲಿ ಕೂತು ಎಲ್ಲ ಬರೆದುಕೊಳ್ಳುತ್ತಿದ್ದ.

"ಏನಪ್ಪಾ, ಪರೀಕ್ಷೆಗೆ ಕೂರ್ತೀಯಾ?" ಎಂದು ಅವನನ್ನು ಚುಚ್ಚಿ, ಇನ್‌ಸ್ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು. "ನೀವು ಕೊಂಡಿದ್ದು ಯಾವತ್ತು?"

"ನಾದಿನಿ ದುಡ್ಡು ಕೊಟ್ಟ ದಿನವೇ. ಮಾರ್ಚ್ ಹನ್ನೊಂದು."

ಇನ್‌ಸ್ಪೆಕ್ಟರು ಷೇರು ದಲ್ಲಾಳಿಯ ಕಚೇರಿಗೆ ಫೋನು ಮಾಡಿದರು. ಅಲ್ಲಿನ ಗುಮಾಸ್ತೆ ನೋಡಿ ಹೇಳಿದಳು: ಆ ದಿನ ಮಾರುಕಟ್ಟೆ ತೆರೆದಾಗಿನಿಂದ ಮುಚ್ಚುವವರೆಗೂ ಆ ಷೇರು ಅಪ್ಪರ್ ಸರ್ಕ್ಯೂಟಿನಲ್ಲಿತ್ತು, ಒಂದೇ ಒಂದು ಷೇರೂ ಮಾರಾಟವಾಗಿಲ್ಲ.

"ಹಾಗಾದ್ರೆ ನಿಮಗೆ ಮಾರಿದ್ದು ಯಾರು ಮೇಷ್ಟ್ರೇ?"

ಆತ ಹೆಡ್ ಕಾನ್‌ಸ್ಟೇಬಲ್ ಪಕ್ಕ ವಿದ್ಯಾರ್ಥಿಗಳ ಬೆಂಚಿನಲ್ಲಿ ಕೂತ.

ಸೈಕಲ್ ಅಂಗಡಿಯವನನ್ನೂ ಎದುರಿನ ಕ್ಷೌರಿಕನನ್ನೂ ಪಂಚರಾಗಿ ಕರೆಸಿ ಪಂಚನಾಮೆ ನಡೆಯಿತು. ಬೀರುವಿನಲ್ಲಿ ಬೇಕರಿಯ ಕೇಕ್ ಡಬ್ಬಿ ಸಿಕ್ಕಿತು. ಅದರಲ್ಲಿ ಎರಡು ಲಕ್ಷ ಹಾಗೇ ಇತ್ತು. ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ.

"ಆಮೇಲಾದ್ರೂ ಕೊಳ್ಳಬಹುದಿತ್ತಲ್ರೀ!"

"ಮರುದಿನವೇ ಸಿಗ್ತಿತ್ತು ಸಾರ್. ಬಟನ್ ಒತ್ತೋಕೆ ಧೈರ್ಯ ಬರಲಿಲ್ಲ. ಈ ಜನ್ಮದಲ್ಲಿ ಒಂದು ಷೇರೂ ಕೊಂಡೋನಲ್ಲ ನಾನು."

"ಬೆಲೆ ಬಿದ್ದಿದ್ರೆ?"

"ಬೀಳೋಕೆ ಮುಂಚೆಯೇ ಮಾರಿಬಿಟ್ಟೆ ಅಂತ ಡಬ್ಬಿ ವಾಪಸ್ ಕೊಟ್ಟು ಹೊಗಳಿಸ್ಕೊಳ್ತಿದ್ದೆ. ಹಾಳಾದ್ದು ಏರ್ತಾನೇ ಹೋಯ್ತು!"

ಕ್ಷೌರಿಕ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಮಧ್ಯಾಹ್ನ ಎರಡೂವರೆಗೆ ವಂಚನೆಯ ಆರೋಪದಲ್ಲಿ ಮೇಷ್ಟ್ರ ಬಂಧನವಾಯಿತು.

ಹೆಂಡತಿಯ ತವರಿನವರು ಮದುವೆಯಾದಾಗಿನಿಂದ ತನ್ನನ್ನು ಒಂದು ಮಾತೂ ಕೇಳಿದವರಲ್ಲ, ನಾದಿನಿ ಕೇಳಿದಾಗ ಭಯ ಎನ್ನಲು ನಾಲಿಗೆ ಏಳಲಿಲ್ಲ ಎಂದು ಹೇಳಿಕೆಯಲ್ಲಿ ಬರೆಸಿದ.

ಬೇಕರಿಯಾಕೆಯ ಅಸಲೂ ದಲ್ಲಾಳಿ ದುಡ್ಡೂ ನ್ಯಾಯಾಲಯದ ಮೂಲಕ ವಾಪಸ್ಸಾದವು. ನಷ್ಟವಾದದ್ದು: ಮೂರು ಲಕ್ಷದ ಲಾಭ, ಒಂದು ಓವನ್, ಇಪ್ಪತ್ತಮೂರು ವಿದ್ಯಾರ್ಥಿಗಳಿಗೆ ಒಬ್ಬ ಒಳ್ಳೆಯ ಮೇಷ್ಟ್ರು.