ಉಷಾ ಕೇಳಿದ ಒಂದು ವರ್ಷ

"ಉಷಾ! ಕಣ್ಣು ಬಿಡೇ, ಉಷಾ!"

ಪರದೇಶದ ಟೂಂಗಾಬಿ ಎಂಬ ಬಡಾವಣೆಯ ಮನೆಯ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದ ಸೊಸೆಯ ತುಟಿಗೆ ಜಯಲಕ್ಷ್ಮಿ ಸಕ್ಕರೆ ಸವರುತ್ತಿದ್ದರು. ವರಮಹಾಲಕ್ಷ್ಮಿ ಪೂಜೆಗೆ ಬಂದಿದ್ದ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಹನ್ನೆರಡನೆಯ ವಯಸ್ಸಿನಿಂದ ಉಷಾಗೆ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡರೂ ಸಕ್ಕರೆ ಒಮ್ಮೆ ಏರಿ, ಒಮ್ಮೆ ತೀರಾ ಇಳಿದು ಹೀಗೆ ಎಚ್ಚರ ತಪ್ಪುವುದು ನಿಂತಿರಲಿಲ್ಲ. ಅವಳು ಕಣ್ಣು ಬಿಟ್ಟದ್ದೇ ತಡ, ಅತ್ತೆಯ ಭಯವೆಲ್ಲ ಸಿಟ್ಟಾಗಿ ತಿರುಗಿತು.

"ಮದುವೆಯಾಗಿ ಐದು ವರ್ಷ... ತೊಟ್ಟಿಲು ಕಟ್ಟೋ ಮನೆಯಲ್ಲಿ ಸೂಜಿ ಡಬ್ಬ ತುಂಬ್ತಾ ಇದೆ!"

ಅಷ್ಟು ಜನರೆದುರು ಆಡಿದ ಮಾತು. ಉಷಾ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಸಕ್ಕರೆ ಹತೋಟಿಗೆ ಬರುವ ತನಕ ಬಸಿರು ಅಪಾಯವೆಂದು ಡಾಕ್ಟರು ಹೇಳಿದ್ದರು. ೧೯೯೬ರಲ್ಲಿ ಜಯಲಕ್ಷ್ಮಿಯ ಮಗ ಹೃಷಿಕೇಶ್ ಒಂದು ಸುದ್ದಿ ತಂದ. ಇನ್ಸುಲಿನ್ ಒಸರುವ ಹಂದಿಯ ಜೀವಕೋಶಗಳನ್ನು ಮನುಷ್ಯರ ಹೊಟ್ಟೆಯಲ್ಲಿ ಕೂರಿಸುವ ಪ್ರಯೋಗ ಮೆಲ್ಬರ್ನಿನ ಆಸ್ಪತ್ರೆಯೊಂದರಲ್ಲಿ ನಡೆಯುತ್ತಿದೆಯಂತೆ. ಮನೆಗೆ ಮೊಟ್ಟೆಯನ್ನೂ ತರಗೊಡದ ಜಯಲಕ್ಷ್ಮಿ, "ಹಂದಿಯದಾದರೇನು, ವಂಶ ಬೆಳೆದರೆ ಸಾಕು" ಎಂದುಬಿಟ್ಟರು!

"ಅತ್ತೆ, ಅವರಿಗೇ ಇನ್ನೂ ಎಲ್ಲಾ ಗೊತ್ತಿಲ್ವಂತೆ" ಎಂದು ಉಷಾ ಬೇಡಿದಳು. "ಪ್ರಾಣಿಯಿಂದ ಏನು ರೋಗ ಬರಬಹುದು ಅಂತ ನೋಡ್ತಾ ಇದಾರೆ. ಒಂದು ವರ್ಷ ಕಾಯೋಣ..."

"ಒಂದು ವರ್ಷ? ನಿನ್ನ ವಯಸ್ಸು ಕಾಯತ್ತಾ? ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳು. ನನ್ನ ಮಗನಿಗೆ ಬೇರೆ ದಾರಿ ನೋಡ್ತೀನಿ!"

ಹೃಷಿಕೇಶ್ ತಲೆ ತಗ್ಗಿಸಿ ಕುಳಿತಿದ್ದ. ಉಷಾ ಗಂಡನ ಮುಖವನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ.

ಮೆಲ್ಬರ್ನಿನಲ್ಲಿ ಡಾಕ್ಟರು ಒಪ್ಪಿಗೆ ಪತ್ರದ ಸಹಿಗೆ ಮುಂಚೆ, "ನಿಮ್ಮನ್ನು ಯಾರಾದರೂ ಒತ್ತಾಯಿಸುತ್ತಿದ್ದಾರೆಯೇ?" ಎಂದು ಕೇಳಿದರು. ಉಷಾ "ಇಲ್ಲ" ಎಂದಳು. ಪಕ್ಕದಲ್ಲೇ ಕುಳಿತಿದ್ದ ಜಯಲಕ್ಷ್ಮಿಗೆ ಆ ಉತ್ತರ ಕೇಳಿ ಸಮಾಧಾನವಾಯಿತು... ಅಯ್ಯೋ, ಆಗಲೇ ಎದೆ ಚುರುಕ್ಕೆನ್ನಬಾರದಿತ್ತೇ!

ಜೀವಕೋಶ ಕೂರಿಸಿಕೊಂಡು ಬಂದ ಮೇಲೆ ಆರು ತಿಂಗಳು ಮನೆಯಲ್ಲಿ ಹಬ್ಬ. ಸೂಜಿ ನಾಲ್ಕರಿಂದ ಒಂದಕ್ಕಿಳಿಯಿತು. ಎಂಟನೆಯ ತಿಂಗಳಲ್ಲಿ ಸಕ್ಕರೆ ಮತ್ತೆ ಏರಿತು. ಹಂದಿಯ ಜೀವಕೋಶಗಳು ಸತ್ತುಹೋಗಿದ್ದವು. ಅದರ ಬೆನ್ನಿಗೇ ಮೆಲ್ಬರ್ನಿನಿಂದ ಕಾಗದ. ಹೃಷಿಕೇಶ್ ಓದುತ್ತಾ ನಡುವೆಯೇ ನಿಲ್ಲಿಸಿದ.

"ಏನಂತೋ?"

"ಹಂದಿಯಲ್ಲಿರೋ ಒಂದು ವೈರಸ್ಸು ಮನುಷ್ಯರ ಜೀವಕೋಶಕ್ಕೂ ಹತ್ತಬಹುದು ಅಂತ ಈಗ ಗೊತ್ತಾಗಿದೆಯಂತೆ ಅಮ್ಮಾ. ಇವಳ ರಕ್ತದಲ್ಲಿ ಸದ್ಯಕ್ಕೆ ಇಲ್ಲ. ಆದರೂ ಬದುಕಿರೋವರೆಗೂ ಪರೀಕ್ಷೆ ಮಾಡಿಸ್ತಾ ಇರಬೇಕು. ಮತ್ತೆ... ಮಗುವಿಗೆ ದಾಟಿದರೆ ಕಷ್ಟ. ಮಕ್ಕಳು ಮಾಡ್ಕೋಬಾರದಂತೆ."

ಜಯಲಕ್ಷ್ಮಿ ಮಗನ ಕೈಯಿಂದ ಕಾಗದ ತೆಗೆದುಕೊಂಡು ತಾರೀಖನ್ನೇ ನೋಡಿದರು. ಒಂದು ವರ್ಷ... ಆ ಹುಡುಗಿ ಕೇಳಿದ್ದು ಬರೀ ಒಂದು ವರ್ಷ! ಕೊಟ್ಟಿದ್ದರೆ ಈ ಕಾಗದ ಈ ಮನೆಗೆ ಬರುತ್ತಲೇ ಇರಲಿಲ್ಲ.

"ನಿನ್ನನ್ನ ನಾನೇ ತಳ್ಳಿದೆ ಕಣೇ. ನನ್ನ ಕ್ಷಮಿಸು ತಾಯಿ..." ಎಂದು ಸೊಸೆಯ ಕೈ ಹಿಡಿದು ಬಿಕ್ಕಿದರು.

ಉಷಾ ಅಳಲಿಲ್ಲ. "ತಳ್ಳಿದ್ದು ನಿಜ ಅತ್ತೆ. ಸಹಿ ಹಾಕಿದವಳು ನಾನು. ಕ್ಷಮಿಸೋಕೆ ನನಗೆ ಸ್ವಲ್ಪ ದಿನ ಬೇಕು" ಎಂದಷ್ಟೇ ಹೇಳಿದಳು.

ಎರಡು ವರ್ಷ ಕಳೆಯಿತು. ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ. ಒಂದು ಶನಿವಾರ ಹ್ಯಾರಿಸ್ ಪಾರ್ಕ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ಅತ್ತೆ ಸೊಸೆಗೆ ಪರಿಚಯದ ಭಾಗೀರಥಿ ಎದುರಾಗಿ, ಉಷಾಳತ್ತ ಕಣ್ಣು ಹಾಯಿಸಿ, "ಇನ್ನೂ ಏನೂ ವಿಶೇಷ ಇಲ್ವಾ? ಇವಳದೇ ತೊಂದರೆನಾ?" ಎಂದು ನಕ್ಕರು.

"ಅಲ್ಲ" ಎಂದರು ಜಯಲಕ್ಷ್ಮಿ, ಅಂಗಡಿಗೆಲ್ಲ ಕೇಳುವಂತೆ. "ತಾಯಿಯಾಗಬೇಕಿದ್ದ ಹುಡುಗಿ ಇವಳು. ನನ್ನ ಆತುರದಿಂದ ಆಗಲಿಲ್ಲ. ಇನ್ನೊಮ್ಮೆ ಕೇಳೋದಿದ್ರೆ ನನ್ನನ್ನ ಕೇಳಿ, ಇವಳನ್ನಲ್ಲ."

ಭಾಗೀರಥಿ ತಡವರಿಸುತ್ತಾ ಸರಿದುಹೋದರು. ಉಷಾ ಅತ್ತೆಯ ಕೈಯಲ್ಲಿದ್ದ ಅಕ್ಕಿಯ ಚೀಲ ತೆಗೆದುಕೊಂಡಳು. ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದವಳು ನಿಂತು, ಅವರು ಬಂದು ಕೂಡಿಕೊಳ್ಳುವವರೆಗೆ ಕಾದಳು.